ತೊಂಬತ್ತು ಸೆಕೆಂಡಿನ ಓದು

ಟೋಕಿಯೋ ನಗರದ ನಡುಭಾಗವನ್ನು ಯಮನೊತೆ ಎಂಬ ರೈಲು ಸುತ್ತುತ್ತಲೇ ಇರುತ್ತದೆ. ಆಫೀಸಿನ ಕೆಲಸಕ್ಕೆ ಹೋಗಿ ಅಲ್ಲಿ ಒಂದು ಚಳಿಗಾಲ ಕಳೆದೆ. ಆಗ ದಿನವೂ ಅದೇ ರೈಲು. ನಿಲ್ದಾಣದಲ್ಲಿ ಬಾಗಿಲು ಮುಚ್ಚುವ ಮುನ್ನ ಕೆಲವೇ ಸೆಕೆಂಡುಗಳ ಒಂದು ಪುಟ್ಟ ರಾಗ ಬರುತ್ತದೆ. ಒಂದೊಂದು ಊರಿಗೆ ಒಂದೊಂದು. ಮೊದಲ ವಾರ ಖುಷಿಯಿಂದ ಕೇಳಿದೆ. ಎರಡನೇ ವಾರದಿಂದ ನಾನೂ ಉಳಿದವರ ಹಾಗೆ ಕಿವಿ ಮುಚ್ಚಿಕೊಂಡೇ ನಿಲ್ಲತೊಡಗಿದೆ. ಆದರೆ ಒಂದು ಸಂಜೆ ತಕದನೊಬಬ ನಿಲ್ದಾಣದಲ್ಲಿ ರಾಗ ಬಂದಾಗ, ಎದುರಿಗೆ ಪಟ್ಟಿ ಹಿಡಿದು ನಿಂತಿದ್ದ ಐವತ್ತು ದಾಟಿದ ಗಂಡಸಿನ ತುಟಿ ಸಣ್ಣಗೆ ಅಲುಗಿತು. ಕಣ್ಣು ಮುಚ್ಚಿಯೇ ಇತ್ತು. ನಿದ್ದೆಯಲ್ಲಿ ಹಾಡುತ್ತಿದ್ದಾನೋ ಎನ್ನುವ ಹಾಗೆ.

ಮರುದಿನ ಆಫೀಸಿನಲ್ಲಿ ಕೇಳಿದೆ. ‘ಅಟೊಮು ಅಲ್ವಾ ಅದು’ ಅಂದರು ಸಹೋದ್ಯೋಗಿ, ಇದನ್ನೂ ಕೇಳುತ್ತಾರೆಯೇ ಎನ್ನುವ ದನಿಯಲ್ಲಿ. ತೆಜುಕ ಒಸಾಮು 1952ರಲ್ಲಿ ಬರೆಯಲು ಹಿಡಿದ ಮಾಂಗಾದ, ಅಂದರೆ ಜಪಾನಿ ಕಾಮಿಕ್ಸ್‌ನ, ರೋಬಾಟ್ ಹುಡುಗ ಅಟೊಮು. ಕಥೆಯ ಪ್ರಕಾರ ಅವನು ಹುಟ್ಟಿದ್ದು 2003ರ ಏಪ್ರಿಲ್ 7ರಂದು, ಇದೇ ತಕದನೊಬಬದಲ್ಲಿ. ತೆಜುಕ ಅವರ ಸಂಸ್ಥೆಯೂ ಅಲ್ಲಿಯೇ ಇದೆ. ಆ ‘ಹುಟ್ಟುಹಬ್ಬ’ದ ವರ್ಷವೇ ನಿಲ್ದಾಣದ ರಾಗವನ್ನು ಬದಲಾಯಿಸಿ, 1963ರಲ್ಲಿ ಟಿವಿಗೆ ಬಂದ ಅಟೊಮುವಿನ ಹಾಡನ್ನು ಹಾಕಿದರು.

ನಾನು ಅಟೊಮುವಿನ ಕೆಲವು ಸಂಪುಟ ಓದಿದ್ದೆ. ಆ ಹಾಡನ್ನು ಕೇಳಿರಲಿಲ್ಲ. ರೈಲಿನ ಆ ಮನುಷ್ಯ ಪುಸ್ತಕ ಮುಟ್ಟಿ ನಲವತ್ತು ವರ್ಷವಾಗಿರಬಹುದು, ಓದಿಯೇ ಇರಲಿಕ್ಕಿಲ್ಲ ಕೂಡ. ಅವನೊಳಗೆ ಉಳಿದದ್ದು ಹಾಡು. ನಮ್ಮಲ್ಲೂ ಹಾಗೇ ಅಲ್ಲವೇ? ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಎಲ್. ವೈದ್ಯನಾಥನ್ ಕಟ್ಟಿದ ರಾಗವನ್ನು ನನ್ನ ವಯಸ್ಸಿನ ಯಾವ ಕನ್ನಡಿಗರ ಮುಂದಾದರೂ ಗುನುಗಿ ನೋಡಿ. ಎರಡನೇ ಸಾಲು ಅವರೇ ಎತ್ತಿಕೊಳ್ಳುತ್ತಾರೆ. ಅವರಲ್ಲಿ ಎಷ್ಟು ಜನ ನಾರಾಯಣರ ಕಥೆ ಓದಿದ್ದಾರೆ ಎಂದು ಮಾತ್ರ ಕೇಳಬೇಡಿ.

ಮಾಂಗಾ ಎಂದು ದೀರ್ಘ ಕೊಟ್ಟು ಬರೆಯುತ್ತಿದ್ದೇನೆ, ಗಮನಿಸಿರಬಹುದು. ಜಪಾನೀಯರು ಹೇಳುವಂತೆಯೇ ಬರೆದರೆ ಅದು ‘ಮಂಗ’. ‘ನಮ್ಮ ಹುಡುಗಿ ಇಡೀ ದಿನ ಮಂಗ ಓದ್ತಾ ಕೂತಿರ್ತಾಳೆ’ ಎಂದು ಅಮ್ಮ ನೆಂಟರ ಮುಂದೆ ಹೇಳಿದ ದಿನದಿಂದ ನನಗೆ ಉಚ್ಚಾರಣೆಯ ನಿಷ್ಠೆ ಸಾಕಾಗಿದೆ.

ಮಾಂಗಾ ಮೂಕ. ಆದರೂ ಅಷ್ಟು ಗದ್ದಲದ ಪುಟವನ್ನು ನಾನು ಬೇರೆಲ್ಲೂ ನೋಡಿಲ್ಲ. ಮಳೆಗೆ ಒಂದು ಸದ್ದು, ಜಿಟಿಜಿಟಿ ಮಳೆಗೆ ಇನ್ನೊಂದು, ಎದೆ ಬಡಿತಕ್ಕೆ, ಕತ್ತಿ ಒರೆಯಿಂದ ಬರುವುದಕ್ಕೆ, ಮುಖ ಕೆಂಪಾಗುವುದಕ್ಕೆ ಕೂಡ ಒಂದು ಪದ ಚಿತ್ರದೊಳಗೇ ದಪ್ಪಕ್ಷರದಲ್ಲಿ ಬಿದ್ದಿರುತ್ತದೆ. ದಡಬಡ, ಪಟಪಟ, ಥಳಥಳ ಎಂದು ಬೆಳೆದ ನಮಗೆ ಇದು ಹೊಸದಲ್ಲ. ಹೊಸದೆನಿಸಿದ್ದು ‘ಶೀನ್’. ಕೋಣೆಯಲ್ಲಿ ಏನೂ ಸದ್ದಿಲ್ಲದಾಗ, ಯಾರೋ ತಮಾಷೆ ಮಾಡಿ ಯಾರೂ ನಗದಿದ್ದಾಗ, ಚಿತ್ರದ ಮೂಲೆಯಲ್ಲಿ ಆ ಪದ ಬರೆದಿರುತ್ತಾರೆ. ಮೌನದ ಸದ್ದು ಅದು. ಇದಕ್ಕೆ ಕನ್ನಡದಲ್ಲೇನಿದೆ ಎಂದು ಬಹಳ ದಿನ ಯೋಚಿಸಿದೆ. ಕೊನೆಗೆ ಹೊಳೆದದ್ದು ನಮ್ಮ ‘ಗವ್’. ಗವ್ವೆನ್ನುವ ಕತ್ತಲು ಅನ್ನುತ್ತೇವಲ್ಲ, ಅದು. ಸದ್ದೇ ಇಲ್ಲದ್ದಕ್ಕೆ ಸದ್ದು ಕೊಡುವ ಬುದ್ಧಿ ನಮಗೂ ಇತ್ತು. ನಾವು ಅದನ್ನು ಕತ್ತಲಿಗೆ ಕೊಟ್ಟುಬಿಟ್ಟೆವು.

ಇಷ್ಟೆಲ್ಲ ಇದ್ದೂ ಮಾಂಗಾಕ್ಕೆ ಆಗದ್ದು ಒಂದೇ: ಹಾಡುವುದು. ಸಕುಯಿಶಿ ಹರೋಲ್ಡ್ ಬರೆದ ‘ಬೆಕ್’ ಎಂಬ ಮಾಂಗಾ 1999ರಿಂದ 2008ರವರೆಗೆ 34 ಸಂಪುಟ ಬೆಳೆಯಿತು. ಏನೂ ವಿಶೇಷವಿಲ್ಲದ ಶಾಲಾ ಹುಡುಗನೊಬ್ಬನ ಗಂಟಲಲ್ಲಿ ದೇವರಿದ್ದಾನೆ ಎನ್ನುವುದೇ ಕಥೆ. ಅವನು ಬಾಯಿ ತೆರೆದ ಪುಟಗಳಲ್ಲಿ ಅಕ್ಷರ ಇರುವುದಿಲ್ಲ, ಸದ್ದಿನ ಪದವೂ ಇರುವುದಿಲ್ಲ. ಕೇಳುತ್ತಿರುವವರ ಮುಖಗಳಿರುತ್ತವೆ. ಆ ಮುಖ ನೋಡಿ ದನಿಯನ್ನು ನೀವೇ ಊಹಿಸಿಕೊಳ್ಳಬೇಕು. 2010ರಲ್ಲಿ ಅದು ಸಿನಿಮಾ ಆದಾಗ ನಿರ್ದೇಶಕ ತ್ಸುತ್ಸುಮಿ ಯುಕಿಹಿಕೊ ಮಾಡಿದ್ದನ್ನು ನೋಡಿ ಮೊದಲು ನಕ್ಕಿದ್ದೆ. ಹುಡುಗ ಹಾಡುವಾಗೆಲ್ಲ ಅವನ ದನಿ ಕೇಳಿಸುವುದೇ ಇಲ್ಲ! ತುಟಿ ಆಡುತ್ತದೆ, ಜನ ಬೆರಗಾಗುತ್ತಾರೆ, ನಮ್ಮ ಕಿವಿಗೆ ಏನೂ ಬೀಳುವುದಿಲ್ಲ. ಮೋಸ ಅನ್ನಿಸಿತ್ತು. ಲಕ್ಷಾಂತರ ಓದುಗರು ತಮ್ಮ ತಮ್ಮ ತಲೆಯೊಳಗೆ ಕಟ್ಟಿಕೊಂಡಿದ್ದ ಅಷ್ಟೂ ದನಿಗಳನ್ನು ಒಬ್ಬ ಗಾಯಕನ ದನಿ ಒಂದೇ ಏಟಿಗೆ ಅಳಿಸಿಹಾಕುತ್ತಿತ್ತು ಎನ್ನುವುದು ತಿಳಿದದ್ದು ತಡವಾಗಿ.

ಆ ಸಂಕೋಚ ಉಳಿದವರಿಗಿಲ್ಲ. ಮಾಂಗಾ ಟಿವಿಗೆ ಬಂದರೆ ಹಾಡು ಬೇಕೇ ಬೇಕು. ಆರಂಭಕ್ಕೊಂದು, ಮುಗಿತಾಯಕ್ಕೊಂದು, ಎರಡಕ್ಕೂ ಹೆಚ್ಚುಕಡಿಮೆ ತೊಂಬತ್ತು ಸೆಕೆಂಡು. ನಾಲ್ಕು ನಿಮಿಷದ ಹಾಡನ್ನು ಅಷ್ಟರೊಳಗೆ ಕೂರಿಸಿದ ತುಂಡಿಗೆ ಅಲ್ಲಿ ‘ಟಿವಿ ಸೈಜ್’ ಎನ್ನುತ್ತಾರೆ, ಅಂಗಿಯ ಅಳತೆಯ ಹಾಗೆ. ಜಪಾನಿ ಜನಪ್ರಿಯ ಹಾಡು ಸಾಮಾನ್ಯವಾಗಿ ‘ಎ ಮೆಲೊ’ದಲ್ಲಿ ಶುರುವಾಗಿ ‘ಬಿ ಮೆಲೊ’ದ ಮೆಟ್ಟಿಲು ಹತ್ತಿ ‘ಸಬಿ’ ಎಂಬ ಶಿಖರ ಮುಟ್ಟುತ್ತದೆ. ನಮ್ಮ ಸಿನಿಮಾ ಹಾಡು ಇದಕ್ಕೆ ತಲೆಕೆಳಗು. ನಾವು ಪಲ್ಲವಿಯನ್ನು ಮೊದಲೇ ಕೊಟ್ಟುಬಿಟ್ಟು, ಚರಣಕ್ಕೆ ಹೋಗಿ, ಮತ್ತೆ ಮನೆಗೆ ಬರುತ್ತೇವೆ. ಅವರದು ಬೆಟ್ಟ ಹತ್ತುವ ಕ್ರಮ. ಆದರೆ ತೊಂಬತ್ತು ಸೆಕೆಂಡಿನಲ್ಲಿ ಬೆಟ್ಟ ಹತ್ತಲು ಪುರುಸೊತ್ತೆಲ್ಲಿ? ಹಾಗಾಗಿ ಎಷ್ಟೋ ಅನಿಮೆ (ಜಪಾನಿ ಆನಿಮೇಷನ್) ಹಾಡುಗಳು ಸಬಿಯನ್ನೇ ಎತ್ತಿ ಮೊದಲಿಗೆ ಇಡುತ್ತವೆ. ಅದಕ್ಕೆ ‘ಅತಮ ಸಬಿ’ ಎಂದು ಹೆಸರೂ ಇದೆ. ಅತಮ ಅಂದರೆ ತಲೆ. ನನ್ನ ಕಿವಿಗೆ ಆ ಹಾಡುಗಳು ತಕ್ಷಣ ಒಗ್ಗಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಪಲ್ಲವಿಯಿಂದ ಶುರುವಾಗುವ ಹಾಡು ಯಾವ ಭಾಷೆಯದಾದರೂ ನಮಗೆ ಪರಕೀಯವಲ್ಲ.

ಆರಂಭದ ಕಾಲದಲ್ಲಿ ಈ ಹಾಡುಗಳಿಗೆ ಒಂದೇ ಕೆಲಸ. ನಾಯಕನ ಹೆಸರು ಕೂಗುವುದು, ಅವನ ಶಕ್ತಿ ಹೊಗಳುವುದು. ಆದರೆ ಬರೆಯುತ್ತಿದ್ದವರು ಯಾರೆಂದು ನೋಡಿದರೆ ಅಚ್ಚರಿ. ಅಟೊಮುವಿನ ಹಾಡು ಬರೆದದ್ದು ತನಿಕವ ಶುಂತರೋ, ಆ ದೇಶದ ದೊಡ್ಡ ಕವಿ. 2024ರಲ್ಲಿ ಅವರು ತೀರಿಕೊಂಡಾಗ ಅವರ ಕವಿತೆ ಓದದವರಿಗೂ ಆ ರೋಬಾಟ್ ಹುಡುಗನ ಹಾಡು ಗೊತ್ತಿತ್ತು. ಇನ್ನೊಬ್ಬರು ತೆರಯಾಮ ಶೂಜಿ, ಕವಿ, ನಾಟಕಕಾರ, ಪುಂಡ ಪ್ರತಿಭೆ. ‘ಅಶಿತ ನೊ ಜೋ’ (ನಾಳೆಯ ಜೋ) ಎಂಬ ಬಾಕ್ಸಿಂಗ್ ಮಾಂಗಾದ ಟಿವಿ ರೂಪಕ್ಕೆ ಅವರು ಸಾಹಿತ್ಯ ಬರೆದರು. ಓಣಿಯ ಅನಾಥ ಹುಡುಗ ಜೋ, ಅವನ ಎದುರಾಳಿ ರಿಕೀಶಿ. ರಿಂಗ್‌ನಲ್ಲಿ ಜೋನನ್ನು ಸೋಲಿಸಿದ ರಿಕೀಶಿ ಸಾಯುತ್ತಾನೆ. ಓದುಗರಿಗೆ ಅದನ್ನು ನುಂಗಲಾಗಲಿಲ್ಲ.

ಮುಂದಿನದನ್ನು ಓದುವಾಗ ದಿನಾಂಕಗಳ ಮೇಲೆ ಕಣ್ಣಿಡಿ. 1970ರ ಮಾರ್ಚ್ 24ರಂದು ತೆರಯಾಮ ಮುಂದೆ ನಿಂತು ರಿಕೀಶಿಗೆ ಅಂತ್ಯಸಂಸ್ಕಾರ ನಡೆಸಿದರು. ಕಾಗದದ ಮೇಲಿನ ಪಾತ್ರಕ್ಕೆ, ಪ್ರಕಾಶಕರಾದ ಕೋದನ್ಶ ಸಂಸ್ಥೆಯ ಸಭಾಂಗಣದಲ್ಲಿ! ಸುಮಾರು 700 ಜನ ಬಂದಿದ್ದರು. ಒಂದು ವಾರ ಕಳೆದು ಮಾರ್ಚ್ 31ರಂದು ಎಡಪಂಥೀಯ ಕ್ರಾಂತಿಕಾರಿ ಯುವಕರ ಗುಂಪೊಂದು ಜಪಾನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ಉತ್ತರ ಕೊರಿಯಾಕ್ಕೆ ಹೊರಟಿತು. ಅವರ ಘೋಷಣೆಯಲ್ಲಿ ಒಂದು ಮಾತು ಬರುತ್ತದೆ: ನಾವೇ ಅಶಿತ ನೊ ಜೋ. ಅದರ ಮರುದಿನ, ಏಪ್ರಿಲ್ 1ರಂದು, ಟಿವಿಯಲ್ಲಿ ಮೊದಲ ಕಂತು ಬಂತು. ಬಿತೋ ಇಸಾವೊ ತಮ್ಮ ಒರಟು ದನಿಯಲ್ಲಿ ತೆರಯಾಮರ ಸಾಲು ಹಾಡಿದರು. ಹಾಡು ಹುಟ್ಟುವಷ್ಟರಲ್ಲಿ ಮಾಂಗಾ ಒಂದು ಶವಯಾತ್ರೆಯನ್ನೂ ಒಂದು ಅಪಹರಣವನ್ನೂ ನೋಡಿಯಾಗಿತ್ತು. ಮಕ್ಕಳ ಕಾರ್ಯಕ್ರಮದ ಹಾಡು ಎಂದು ಅದನ್ನು ಕೇಳಲು ನನಗಂತೂ ಆಗುವುದಿಲ್ಲ.

ಅದೇ ಹೊತ್ತಿಗೆ, ಅಂದರೆ 1969ರ ಅಕ್ಟೋಬರ್‌ನಲ್ಲಿ, ಇನ್ನೊಂದು ಹಾಡೂ ಶುರುವಾಗಿತ್ತು. ಅದು ಇನ್ನೂ ಮುಗಿದಿಲ್ಲ. ಹಸೆಗವ ಮಚಿಕೊ ಎಂಬಾಕೆ 1946ರಿಂದ ಪತ್ರಿಕೆಗೆ ಬರೆಯುತ್ತಿದ್ದ ನಾಲ್ಕು ಚೌಕದ ‘ಸಜಾಏ-ಸಾನ್’ ಇಂದಿಗೂ ಭಾನುವಾರ ಸಂಜೆ ಆರೂವರೆಗೆ ಟಿವಿಯಲ್ಲಿ ಬರುತ್ತದೆ. ಮೀನು ಕಚ್ಚಿಕೊಂಡು ಓಡಿದ ಬೆಕ್ಕಿನ ಹಿಂದೆ ಬರಿಗಾಲಲ್ಲಿ ಓಡುವ ಗೃಹಿಣಿಯ ತಮಾಷೆ ಹಾಡು. ಆದರೆ ಜಪಾನಿನ ದೊಡ್ಡವರಿಗೆ ಅದು ನಾಳೆ ಸೋಮವಾರ ಎಂದು ಹೊಡೆಯುವ ಗಂಟೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಏಳುವ ಸಂಕಟಕ್ಕೆ ‘ಸಜಾಏ-ಸಾನ್ ಸಿಂಡ್ರೋಮ್’ ಎಂದೇ ಹೆಸರು. ನನ್ನ ಸಹೋದ್ಯೋಗಿ ಇದನ್ನು ಹೇಳಿದಾಗ ತಮಾಷೆ ಅಂದುಕೊಂಡೆ. ಮೂರನೇ ಭಾನುವಾರ ಬಾಡಿಗೆ ಕೋಣೆಯ ಗೋಡೆಯಾಚೆ ಪಕ್ಕದವರ ಟಿವಿಯಿಂದ ಆ ರಾಗ ಬಂದಾಗ ನನ್ನ ಕೈ ತಾನಾಗಿ ಮರುದಿನದ ಅಂಗಿ ಹುಡುಕತೊಡಗಿತ್ತು.

ಎಂಬತ್ತರ ದಶಕ ಬೇಗ ದಾಟುತ್ತೇನೆ, ಅದಕ್ಕೇ ಬೇರೆ ಬರಹ ಬೇಕು. ಅದಾಚಿ ಮಿತ್ಸುರು ಅವರ ಬೇಸ್‌ಬಾಲ್ ಮಾಂಗಾ ‘ತಚ್ಚಿ’ಗೆ 1985ರಲ್ಲಿ ಇವಸಾಕಿ ಯೊಶಿಮಿ ಹಾಡಿದ ಹಾಡನ್ನು ಇವತ್ತಿಗೂ ಕೋಶಿಯೆನ್ ಕ್ರೀಡಾಂಗಣದಲ್ಲಿ ಶಾಲಾ ಬ್ಯಾಂಡುಗಳು ಆಟಗಾರರನ್ನು ಹುರಿದುಂಬಿಸಲು ನುಡಿಸುತ್ತವೆ. ಆ ಕಥೆಯಲ್ಲಿ ಮುಖ್ಯ ಪಂದ್ಯಕ್ಕೆ ಹೊರಟ ಹುಡುಗ ದಾರಿಯಲ್ಲೇ ಸಾಯುತ್ತಾನೆ ಎನ್ನುವುದು ಊದುವವರಿಗೆ ನೆನಪಿದೆಯೋ ಇಲ್ಲವೋ. 1987ರ ‘ಸಿಟಿ ಹಂಟರ್’ನಲ್ಲಿ ಟಿಎಂ ನೆಟ್‌ವರ್ಕ್ ತಂಡದ ‘ಗೆಟ್ ವೈಲ್ಡ್’ ಕಥೆ ಮುಗಿದ ಮೇಲೆ ಬರುತ್ತಿರಲಿಲ್ಲ. ಕೊನೆಯ ದೃಶ್ಯ ನಡೆಯುತ್ತಿರುವಾಗಲೇ ಅದರ ಮೊದಲ ಸ್ವರಗಳು ಒಳಗೆ ನುಸುಳುತ್ತಿದ್ದವು. ಇನ್ನು 1990ರಲ್ಲಿ ‘ಚಿಬಿ ಮರುಕೊ-ಚಾನ್’ ಮಾಂಗಾದ ಲೇಖಕಿ ಸಕುರ ಮೊಮೊಕೊ ತಾನೇ ಕೂತು ಅರ್ಥವೇ ಇಲ್ಲದ ಸದ್ದುಗಳನ್ನು ಪೋಣಿಸಿ ಒಂದು ಹಾಡು ಬರೆದರು. ಆ ವರ್ಷ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಅದೇ. ಒಗಟಿನಂಥ ಶಿಶುಪ್ರಾಸಗಳಲ್ಲಿ ಬೆಳೆದವರು ನಾವು; ಅರ್ಥ ಕೇಳುವ ಹಕ್ಕು ನಮಗಿಲ್ಲ.

ನಾನು ಹೇಳಬೇಕೆಂದಿದ್ದು ತೊಂಬತ್ತರ ದಶಕದ ಬಗ್ಗೆ.

ಇನೊವುಎ ತಕೆಹಿಕೊ ಅವರ ‘ಸ್ಲ್ಯಾಮ್ ಡಂಕ್’ 1990ರಿಂದ 1996ರವರೆಗೆ ವಾರಪತ್ರಿಕೆಯಲ್ಲಿ ಬಂತು. ಕೆಂಪು ಕೂದಲಿನ ಪುಂಡ ಹುಡುಗ ಬಾಸ್ಕೆಟ್‌ಬಾಲ್ ಕಲಿಯುವ ಕಥೆ. 1993ರ ಅಕ್ಟೋಬರ್‌ನಲ್ಲಿ ಟಿವಿಗೆ ಬಂದಾಗ ಅದರ ಹಾಡುಗಳೆಲ್ಲ ಬೀಯಿಂಗ್ ಎಂಬ ಒಂದೇ ಸಂಗೀತ ಸಂಸ್ಥೆಯ ಬಳಗದಿಂದ ಬಂದವು. ಈಗ ಕೇಳಿ. ಮೊದಲ ಮುಗಿತಾಯದ ಹಾಡು ಓಗುರೊ ಮಾಕಿ ಹಾಡಿದ್ದು. ಪ್ರಿಯಕರನಿಗಾಗಿ ತನ್ನ ಇಷ್ಟಗಳನ್ನೆಲ್ಲ ಒಂದೊಂದಾಗಿ ಬಿಟ್ಟುಕೊಡುತ್ತಾ ಹೋಗುವ ಹೆಣ್ಣಿನ ಮಾತು ಅದು, ಒಳಗೊಳಗೇ ಕುಟುಕುವ ಹಾಡು. ಚೆಂಡು, ಬುಟ್ಟಿ, ಶಾಲೆ, ಬೆವರು ಯಾವುದರ ಸುಳಿವೂ ಇಲ್ಲ. ಮುಂದಿನದು ವಾಂಡ್ಸ್ ತಂಡದ್ದು, 1994ರದು. ಜಗತ್ತು ಮುಗಿಯುವವರೆಗೆ ಎಂದು ಹೇಳಿ ಮುರಿದ ಪ್ರೀತಿಯ ಹಾಡು. ಎರಡೂ ಹತ್ತು ಲಕ್ಷ ಪ್ರತಿ ದಾಟಿದವು. ಇದಕ್ಕೆ ಅಲ್ಲಿ ‘ತಯ್ಅಪ್ಪು’ ಎನ್ನುತ್ತಾರೆ. ಟಿವಿಗೆ ಹಾಡು ಬೇಕು, ಕಂಪನಿಗೆ ಜಾಹೀರಾತು ಬೇಕು, ಇಬ್ಬರಿಗೂ ಲಾಭ. ಮಾಂಗಾ ಏನು ಹೇಳುತ್ತಿದೆ ಎಂದು ಕೇಳುವವರಿಲ್ಲ. ಜೂಡಿ ಆಂಡ್ ಮೇರಿ ತಂಡದ ‘ಸೊಬಕಸು’ ಇದಕ್ಕಿಂತ ಒಂದು ಕೈ ಮೇಲು. ಮೇಜಿ ಕಾಲದ ಖಡ್ಗಧಾರಿಯ ಕಥೆ ‘ರುರೌನಿ ಕೆನ್ಶಿನ್’ಗೆ 1996ರಲ್ಲಿ ಕಟ್ಟಿದ ಆರಂಭದ ಹಾಡು ಒಬ್ಬ ಹುಡುಗಿಯ ಮುಖದ ಮಚ್ಚೆಗಳ ಬಗ್ಗೆ!

ಇದನ್ನು ಮೊದಲು ತಿಳಿದಾಗ ವ್ಯಾಪಾರದ ಹೊಲಸು ಎಂದುಕೊಂಡೆ. ಆಮೇಲೆ ಒಂದು ರಾತ್ರಿ ಆಫೀಸಿನವರ ಜೊತೆ ಕರಓಕೆಗೆ ಹೋಗಬೇಕಾಯಿತು. ಅಲ್ಲಿ ಹೋಗದಿರುವುದು ಎಂಬುದಿಲ್ಲ. ಲೆಕ್ಕಪತ್ರ ವಿಭಾಗದ, ಒಂದು ಮಾತಿಗೆ ಎರಡು ಮಾತಾಡದ, ನಲವತ್ತೈದರ ಆಸುಪಾಸಿನ ಒಬ್ಬರು ಎದ್ದು ವಾಂಡ್ಸ್‌ನ ಆ ಹಾಡು ಹಾಕಿದರು. ಎರಡನೇ ಸಾಲಿಗೆ ಕೋಣೆಯಲ್ಲಿದ್ದ ಅದೇ ವಯಸ್ಸಿನ ಮೂವರು ಸೇರಿಕೊಂಡರು. ಮುಗಿದ ಮೇಲೆ ಒಬ್ಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ‘ಮಿತ್ಸುಯಿ’ ಅಂದರು. ಉಳಿದವರು ತಲೆಯಾಡಿಸಿದರು. ಅಷ್ಟೇ ಮಾತು.

ಮಿತ್ಸುಯಿ ಆ ಮಾಂಗಾದ ಒಂದು ಪಾತ್ರ. ಕಿರಿಯರ ಪಂದ್ಯಾವಳಿಯ ಶ್ರೇಷ್ಠ ಆಟಗಾರ. ಮೊಣಕಾಲು ಪೆಟ್ಟಾಗಿ ಆಟ ಬಿಟ್ಟು ಪುಂಡರ ಗುಂಪು ಸೇರುತ್ತಾನೆ. ತಂಡವನ್ನೇ ಹಾಳುಮಾಡಲು ಒಂದು ದಿನ ಅಂಕಣಕ್ಕೆ ನುಗ್ಗುತ್ತಾನೆ. ಅಲ್ಲಿಗೆ ಹಳೆಯ ಗುರು ಅನ್ಜಾಯಿ ಬಂದು ನಿಲ್ಲುತ್ತಾರೆ. ಮಿತ್ಸುಯಿ ಕುಸಿದು, ಅಳುತ್ತಾ, ನನಗೆ ಬಾಸ್ಕೆಟ್‌ಬಾಲ್ ಆಡಬೇಕು ಎನ್ನುತ್ತಾನೆ. ಆ ಹಾಡಿನಲ್ಲಿ ಇದ್ಯಾವುದೂ ಇಲ್ಲ. ಆದರೂ ಹದಿನಾಲ್ಕರ ಹುಡುಗರು ಆ ಅಳು ನೋಡಿದ್ದ ದಿನಗಳಲ್ಲಿ ವಾರವಾರವೂ ಟಿವಿಯಲ್ಲಿ ಬರುತ್ತಿದ್ದದ್ದು ಅದೇ ರಾಗ. ಮುರಿದ ಪ್ರೀತಿ ಮುರಿದ ಮೊಣಕಾಲಾಯಿತು. ಸಂಬಂಧವಿಲ್ಲದ ಹಾಡಿಗೆ ಸಂಬಂಧ ಕಟ್ಟಿದವರು ಕೇಳುಗರು. ಆಮೇಲೆ ಅದು ಅವರದೇ ಆಸ್ತಿ. ಆ ಲೆಕ್ಕಿಗರು ಏನು ಮುರಿದುಕೊಂಡಿದ್ದರೋ ನಾನು ಕೇಳಲಿಲ್ಲ.

ಕಮಕುರದ ಕಡಲ ದಂಡೆಯಲ್ಲಿ ಎನೊದೆನ್ ಎಂಬ ಪುಟ್ಟ ರೈಲು ಓಡುತ್ತದೆ. ‘ಕಮಕುರಕೋಕೋಮಾಎ’ ನಿಲ್ದಾಣದ ಪಕ್ಕ ಒಂದು ರೈಲ್ವೆ ಗೇಟು. ಇಳಿಜಾರು ರಸ್ತೆ, ಗೇಟು, ಅದರಾಚೆ ಸಮುದ್ರ. ಅಷ್ಟೇ. ಅಲ್ಲಿಗೆ ತೈವಾನ್, ಚೀನಾ, ಕೊರಿಯಾಗಳಿಂದ ಜನ ಹಿಂಡುಹಿಂಡಾಗಿ ಬಂದು ಫೋಟೋ ಹೊಡೆಸಿಕೊಳ್ಳುತ್ತಾರೆ. ನಾನು ಹೋದ ದಿನವೂ ಕಾವಲಿನವರು ಸೀಟಿ ಊದಿ ಊದಿ ಸುಸ್ತಾಗಿದ್ದರು. ಅಲ್ಲಿಯ ನಿವಾಸಿಗಳ ಗೋಳು ಅರ್ಥವಾಗುತ್ತದೆ. ತಮಾಷೆಯೆಂದರೆ ಇಷ್ಟು ಜನ ಹುಡುಕಿಕೊಂಡು ಬರುವ ಆ ಗೇಟು ಕಣ್ಣಿಗೆ ಕಟ್ಟಿದ್ದು ‘ಸ್ಲ್ಯಾಮ್ ಡಂಕ್’ ಟಿವಿ ಅನಿಮೆಯ ಆರಂಭದ ಹಾಡಿನ ಚಿತ್ರದಿಂದ. ಅಂದರೆ ಇವರು ಬಂದಿರುವುದು ಪುಸ್ತಕದ ಜಾಗಕ್ಕಲ್ಲ, ಹಾಡಿನ ಜಾಗಕ್ಕೆ. ರೈಲು ದಾಟುವಾಗ ನನ್ನ ಪಕ್ಕದ ಹುಡುಗಿಯ ಫೋನಿನಿಂದ ಬಾಡ್ ತಂಡದ ಆ ಹಾಡು ಸಣ್ಣಗೆ ಬಂತು. ಅವಳು ಹುಟ್ಟುವ ಎಷ್ಟೋ ಮುಂಚೆ ಆ ಸರಣಿ ಮುಗಿದಿತ್ತು.

2022ರ ಡಿಸೆಂಬರ್‌ನಲ್ಲಿ ಇನೊವುಎ ತಾವೇ ಬರೆದು ನಿರ್ದೇಶಿಸಿದ ‘ದ ಫಸ್ಟ್ ಸ್ಲ್ಯಾಮ್ ಡಂಕ್’ ಬಂತು. ಹಳೆಯ ಹಾಡು ಒಂದೂ ಇಲ್ಲ. ದ ಬರ್ತ್‌ಡೇ ತಂಡದ ಒರಟು ರಾಕ್ ಶುರುವಾಗುತ್ತದೆ, ಖಾಲಿ ಪರದೆಯ ಮೇಲೆ ಪೆನ್ಸಿಲ್ ಗೆರೆಗಳು ಮೂಡಿ ಐವರು ಆಟಗಾರರಾಗಿ ಒಬ್ಬೊಬ್ಬರೇ ನಮ್ಮತ್ತ ನಡೆದುಬರುತ್ತಾರೆ. ಅದನ್ನು ಹೊಗಳಲು ಎಲ್ಲರಿದ್ದಾರೆ. ನನ್ನನ್ನು ಹಿಡಿದದ್ದು ಪಂದ್ಯದ ಕೊನೆಯ ಕ್ಷಣಗಳು. ಮಾಂಗಾದಲ್ಲಿ ಆ ಪುಟಗಳಲ್ಲಿ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಸದ್ದಿನ ಪದಗಳೂ ನಿಂತುಹೋಗುತ್ತವೆ. ಸಿನಿಮಾದಲ್ಲೂ ಸಂಗೀತ, ಕೂಗು ಎಲ್ಲ ನಿಂತು ಚಿತ್ರಮಂದಿರ ಗವ್ವೆನ್ನುತ್ತದೆ. ‘ಶೀನ್’ ಎಂದು ಬರೆಯುವ ಅಗತ್ಯವೂ ಇಲ್ಲ.

ಈಗಿನ ಹಾಡುಗಳ ವಿಷಯಕ್ಕೆ ಬಂದರೆ ಗಾಳಿ ಪೂರ್ತಿ ತಿರುಗಿದೆ. ಹಾಡು ಬರೆಯುವವರು ಮಾಂಗಾವನ್ನು ಪರೀಕ್ಷೆಗೆ ಕೂತವರಂತೆ ಓದುತ್ತಾರೆ. ಇದಕ್ಕೆ ದೊಡ್ಡ ಉದಾಹರಣೆ ಯೊಆಸೊಬಿ. ಸಂಗೀತ ಕಟ್ಟುವ ಅಯಾಸೆ, ಹಾಡುವ ಇಕುರ, ಇಬ್ಬರೇ. ಕಥೆಯನ್ನು ಹಾಡು ಮಾಡುವುದೇ ಇವರ ಹುಟ್ಟುಗುಣ. 2019ರ ಅವರ ಮೊದಲ ಹಾಡೇ ಅಂತರ್ಜಾಲದ ಒಂದು ಸಣ್ಣಕಥೆಯಿಂದ ಬಂದದ್ದು. ಅಕಸಕ ಅಕ ಬರೆದು ಯೊಕೊಯಾರಿ ಮೆಂಗೊ ಚಿತ್ರಿಸಿದ ‘ಒಶಿ ನೊ ಕೊ’ ಮಾಂಗಾ ಟಿವಿಗೆ ಬಂದಾಗ ಇವರು ‘ಐಡಲ್’ ಕೊಟ್ಟರು. 2023ರ ಏಪ್ರಿಲ್ 12ರಂದು ಮೊದಲ ಕಂತೂ ಹಾಡೂ ಒಂದೇ ದಿನ ಹೊರಬಂದವು. ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಜಪಾನ್ ಪಟ್ಟಿಯಲ್ಲಿ ಸತತ 21 ವಾರ ಮೊದಲ ಸ್ಥಾನ. ಜೂನ್‌ನಲ್ಲಿ ಅಮೆರಿಕ ಬಿಟ್ಟು ಉಳಿದ ಜಗತ್ತಿನ ಬಿಲ್‌ಬೋರ್ಡ್ ಪಟ್ಟಿಯಲ್ಲೂ ತುದಿಗೆ ಏರಿತು. ಜಪಾನಿ ಹಾಡೊಂದು ಅಲ್ಲಿ ನಿಂತದ್ದು ಅದೇ ಮೊದಲು.

(ಸರಣಿ ನೋಡಬೇಕೆಂದಿರುವವರು ಮುಂದಿನ ಪ್ಯಾರಾ ಹಾರಿ.)

ಕಥೆಯ ಅಯ್ ಒಬ್ಬ ಐಡಲ್, ಅಂದರೆ ಅಭಿಮಾನಿಗಳಿಗೆ ಪ್ರೀತಿ ಮಾರುವುದೇ ಕೆಲಸವಾಗಿರುವ ಎಳೆಯ ಹಾಡುಗಾರ್ತಿ. ಅಯ್ ಎಂದರೆ ಜಪಾನಿಯಲ್ಲಿ ಪ್ರೀತಿ ಎಂದೇ ಅರ್ಥ. ಅವಳಿಗೆ ಗುಟ್ಟಾಗಿ ಅವಳಿಜವಳಿ ಮಕ್ಕಳು. ಪ್ರೀತಿಸುತ್ತೇನೆ ಎಂದು ಸಾವಿರ ಸಲ ಸುಳ್ಳು ಹೇಳಿದ ಹುಡುಗಿ ಅದೇ ಮಾತನ್ನು ಮಕ್ಕಳಿಗೆ ಹೇಳಲು ಹೆದರುತ್ತಾಳೆ, ಅದೂ ಸುಳ್ಳಾಗಿಬಿಟ್ಟರೆ ಎಂದು. ಹೇಳುವುದು ಮೊದಲ ಕಂತಿನ ಕೊನೆಗೆ, ಅಭಿಮಾನಿಯೊಬ್ಬನ ಚೂರಿ ಹೊಟ್ಟೆಗೆ ಬಿದ್ದ ಮೇಲೆ. ಈ ಹಾಡಿಗಾಗಿ ಅಕಸಕ ‘45510’ ಎಂಬ ಸಣ್ಣಕಥೆಯನ್ನೂ ಬರೆದರು. ಅಯ್ ಇದ್ದ ತಂಡದ ಇನ್ನೊಬ್ಬ ಹುಡುಗಿಯ ಕಣ್ಣಿನ ಕಥೆ ಅದು. ಹಾಗಾಗಿ ಹಾಡು ಮೊದಲು ಮರುಳಾದ ಜಗತ್ತಿನ ದನಿಯಲ್ಲಿ ಶುರುವಾಗಿ, ನಡುವೆ ಹೊಟ್ಟೆಕಿಚ್ಚಿನ ಜೊತೆಗಾತಿಯರ ದನಿಗೆ ತಿರುಗಿ, ಕೊನೆಗೆ ಅಯ್‌ಳ ಬಾಯಿಗೆ ಬರುತ್ತದೆ. ಸಕ್ಕರೆಯಂಥ ಐಡಲ್ ಹಾಡಿನ ವೇಷ. ಒಳಗೆ ಕತ್ತಲ ರ‍್ಯಾಪ್. ಮೊದಲ ಕಂತು ನೋಡುವ ಮುನ್ನ ಕೇಳಿದರೆ ಕುಣಿಯಬೇಕು ಅನ್ನಿಸುತ್ತದೆ. ನೋಡಿದ ಮೇಲೆ ಕೇಳಿದರೆ ಕುಣಿಯಲು ಕಾಲು ಬರುವುದಿಲ್ಲ.

ಎಷ್ಟು ಚೆನ್ನಾಗಿ ಓದಿದ್ದಾರೆ ಎಂದು ಬೆರಗಾಗುತ್ತೇನೆ. ಹಾಗೆಯೇ ಒಂದು ಕಿರಿಕಿರಿಯೂ ಇದೆ, ಹೇಳಿಬಿಡುತ್ತೇನೆ. ಈ ಹಾಡುಗಳಲ್ಲಿ ನನಗೆ ಕೂರಲು ಜಾಗವಿಲ್ಲ. ಪ್ರತಿ ಸಾಲಿಗೂ ಒಂದು ಅಧ್ಯಾಯದ ಲಂಗರು. ಕೇಳಿದವರು ಪುಸ್ತಕ ತೆಗೆದು ಯಾವ ಸಾಲು ಯಾವ ಪುಟಕ್ಕೆ ಎಂದು ತಾಳೆ ನೋಡುತ್ತಾರೆ. ಒಳ್ಳೆಯ ವಿದ್ಯಾರ್ಥಿಯ ಉತ್ತರಪತ್ರಿಕೆಯ ಹಾಗೆ. ‘ಸೊಬಕಸು’ಗೆ ಕಥೆ ಓದುವ ವ್ಯವಧಾನವೇ ಇರಲಿಲ್ಲ, ಆದ್ದರಿಂದ ನನ್ನ ಹದಿಹರೆಯದ ಮೊಡವೆಗಳಿಗೂ ಅದರಲ್ಲಿ ಒಂದು ಮೂಲೆ ಸಿಕ್ಕಿತು. ‘ಐಡಲ್’ ಅಯ್‌ಳದು, ಅಯ್‌ಳದು ಮಾತ್ರ.

ಎರಡೂ ಆಗುವ ಹಾಡಿಲ್ಲವೇ ಎಂದರೆ, ನನ್ನ ಲೆಕ್ಕದಲ್ಲಿ ಯೊನೆಜು ಕೆನ್ಶಿಯ ‘ಕಿಕ್ ಬ್ಯಾಕ್’ ಇದೆ. ಫುಜಿಮೊತೊ ತತ್ಸುಕಿಯ ‘ಚೈನ್‌ಸಾ ಮ್ಯಾನ್’ನ 2022ರ ಆರಂಭದ ಹಾಡು. ನಾಯಕ ದೆನ್ಜಿ ಸಾಲದಲ್ಲಿ ಮುಳುಗಿದ ಅನಾಥ. ಬ್ರೆಡ್ಡಿಗೆ ಜಾಮ್ ಹಚ್ಚಿ ತಿನ್ನುವುದೇ ಅವನ ಪರಮ ಕನಸು. ಯೊನೆಜು ಇಪ್ಪತ್ತು ವರ್ಷ ಹಿಂದಿನ, ಮೋರ್ನಿಂಗ್ ಮುಸುಮೆ ಎಂಬ ಹುಡುಗಿಯರ ತಂಡದ ಉತ್ಸಾಹದ ಹಾಡೊಂದರಿಂದ ಶ್ರಮ, ಭವಿಷ್ಯ ಎನ್ನುವ ಘೋಷಣೆಯನ್ನು ಕಿತ್ತು ತಂದು ಈ ಹಸಿದ ಹುಡುಗನ ಬಾಯಿಗೆ ತುರುಕಿದ್ದಾರೆ. ದುಡಿದರೆ ಮುಂದೆ ಬರುತ್ತೀ ಎಂದು ಕೇಳಿಸಿಕೊಂಡೇ ಬೆಳೆದ ಯಾರಿಗಾದರೂ ಅದು ತಾಗುತ್ತದೆ, ಮಾಂಗಾ ಓದಿರಲಿ ಬಿಡಲಿ. ಅಮೆರಿಕದ ರೆಕಾರ್ಡ್ ಉದ್ಯಮದ ಸಂಘದಿಂದ ಗೋಲ್ಡ್ ಮಾನ್ಯತೆ ಪಡೆದ ಮೊದಲ ಜಪಾನಿ ಭಾಷೆಯ ಹಾಡು ಇದು. ನನಗೆ ಅದಕ್ಕಿಂತ ದೊಡ್ಡ ಪ್ರಮಾಣ, ನಮ್ಮ ಅಪಾರ್ಟ್‌ಮೆಂಟಿನ ಹುಡುಗ ಎಂಜಿನಿಯರಿಂಗ್ ಪರೀಕ್ಷೆಗೆ ಹೋಗುವ ಬೆಳಿಗ್ಗೆ ಲಿಫ್ಟಿನಲ್ಲಿ ಅದನ್ನು ಗೊಣಗುತ್ತಿದ್ದದ್ದು.

ಲಿಫ್ಟಿನವರೆಗೆ ಬಂದ ಮೇಲೆ ನಮ್ಮ ಮನೆಯ ಕಥೆಯನ್ನೂ ಹೇಳಬೇಕು. ಅಕ್ಕನ ಮಗಳಿಗೆ ಹದಿಮೂರು. ಅವಳಿಗೆ ‘ಕಿಮೆತ್ಸು ನೊ ಯಾಇಬ’ ಎಂದರೆ ಪ್ರಾಣ. ಗೊತೋಗೆ ಕೊಯೊಹರು ಬರೆದ ಆ ಮಾಂಗಾ 2020ರ ಮೇ ತಿಂಗಳಲ್ಲಿ, ಎಲ್ಲರೂ ಮನೆಯೊಳಗೆ ಕೂತಿದ್ದಾಗ, 23 ಸಂಪುಟಕ್ಕೆ ಮುಗಿಯಿತು. ಅದೇ ಅಕ್ಟೋಬರ್‌ನಲ್ಲಿ ಬಂದ ಅದರ ‘ಮುಗೆನ್ ರೈಲು’ ಸಿನಿಮಾ 2001ರ ‘ಸ್ಪಿರಿಟೆಡ್ ಅವೇ’ಯ ದಾಖಲೆ ಮುರಿದು ಜಪಾನಿನಲ್ಲಿ ಅತಿ ಹೆಚ್ಚು ಗಳಿಸಿದ ಸಿನಿಮಾ ಆಯಿತು. ಲಿಸಾ ಹಾಡಿದ ಅದರ ಮುಗಿತಾಯದ ಹಾಡು ‘ಹೊಮುರ’ ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆಯಿತು. ಹೊಮುರ ಅಂದರೆ ಜ್ವಾಲೆ. ಸತ್ತ ಯೋಧ ರೆಂಗೊಕುವಿಗೆ ಹಾಡಿದ ಚರಮಗೀತೆ. ಅಲ್ಲಿ ಸಿನಿಮಾ ಮುಗಿದ ಮೇಲೂ ಹೆಸರುಗಳೆಲ್ಲ ಸರಿದು ದೀಪ ಹತ್ತುವವರೆಗೆ ಜನ ಕೂತಿರುತ್ತಾರೆ. ನಮ್ಮಲ್ಲಿ ನಾಯಕ ನಾಯಕಿ ಕೈ ಹಿಡಿಯುವಷ್ಟರಲ್ಲಿ ಅರ್ಧ ಮಂದಿ ಬೈಕಿನ ಕೀಲಿ ಹುಡುಕುತ್ತಿರುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಅದೇ ಸರಣಿಯ ‘ಇನ್ಫಿನಿಟಿ ಕ್ಯಾಸಲ್’ ಬೆಂಗಳೂರಿಗೆ ಬಂದಾಗ ಅವಳ ಕಾಟಕ್ಕೆ ಬೆಳಗಿನ ಆಟಕ್ಕೆ ಹೋದೆ. ಹಿಂದಿ, ತಮಿಳು, ತೆಲುಗಿನಲ್ಲೂ ಮಾತು ಕೂರಿಸಿದ್ದರು, ಕನ್ನಡದಲ್ಲಿ ಇರಲಿಲ್ಲ. ಆ ಮಾತು ಇನ್ನೊಮ್ಮೆ. ನಾವು ನೋಡಿದ್ದು ಜಪಾನಿಯಲ್ಲಿ. ಮುಗಿದ ಮೇಲೆ ನಾನು ಅಭ್ಯಾಸಬಲದಿಂದ ಎದ್ದೆ. ಅವಳು ನನ್ನ ದುಪಟ್ಟಾ ಹಿಡಿದು ಎಳೆದು ಕೂರಿಸಿದಳು. ಸುತ್ತ ನೋಡಿದರೆ ಯಾರೂ ಎದ್ದಿಲ್ಲ. ಕಾಲೇಜು ಹುಡುಗರು, ಕಥಾನಾಯಕನ ಹಾಗೆ ಹಣೆಗೆ ಮಚ್ಚೆ ಬರೆದುಕೊಂಡ ಮಕ್ಕಳು, ನಿದ್ದೆಗಣ್ಣಿನ ಅಪ್ಪಂದಿರು, ಹಾಡು ಮುಗಿಯುವವರೆಗೆ ಹಾಗೇ ಕೂತಿದ್ದರು. ಕೆಲವರ ತುಟಿ ಅಲುಗುತ್ತಿತ್ತು.

ಮೊನ್ನೆ ಅವಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳು ಕಣ್ಣಿಗೆ ಬಿದ್ದವು. ಸರಣಿಯ ಮೊದಲ ಹಾಡು, ಲಿಸಾಳ ‘ಗುರೆಂಗೆ’, ಇಡೀ ಹಾಡು ಕನ್ನಡ ಅಕ್ಷರದಲ್ಲಿ! ಇಂಗ್ಲಿಷ್ ಅಕ್ಷರದಲ್ಲಿ ಯಾಕಲ್ಲ ಎಂದು ಕೇಳಿದೆ. ‘ಅದ್ರಲ್ಲಿ ಎಲ್ಲಿ ಎಳೀಬೇಕು ಅಂತ ಗೊತ್ತಾಗಲ್ಲ ಚಿಕ್ಕಮ್ಮ’ ಅಂದಳು. ನಾನು ದುಡ್ಡು ಕೊಟ್ಟು ಎರಡು ವರ್ಷ ಜಪಾನಿ ಕಲಿತವಳು. ಈ ಮಾತು ನನಗೆ ಹೊಳೆದಿರಲಿಲ್ಲ. ಜಪಾನಿಯಲ್ಲಿ ಕೊಕೊ ಅಂದರೆ ‘ಇಲ್ಲಿ’, ಕೋಕೋ ಅಂದರೆ ಹೈಸ್ಕೂಲು, ಆ ಸಮುದ್ರದ ನಿಲ್ದಾಣದ ಹೆಸರಿನಲ್ಲಿರುವ ಕೋಕೋ. ಇಂಗ್ಲಿಷ್ ಅಕ್ಷರ ಈ ವ್ಯತ್ಯಾಸವನ್ನು ನುಂಗಿಹಾಕುತ್ತದೆ, ಹಿಂದಿ ಬರಹದಲ್ಲಿ ಹ್ರಸ್ವ ಎ, ಹ್ರಸ್ವ ಒ ಗಳಿಗೆ ಮನೆಯೇ ಇಲ್ಲ. ನಮ್ಮ ಒ ಓ, ಎ ಏ ಅದನ್ನು ಅನಾಯಾಸವಾಗಿ ಹಿಡಿಯುತ್ತವೆ. ಅವಳ ಪುಟದಲ್ಲಿ ಪ್ರತಿ ದೀರ್ಘವೂ ಇದ್ದಲ್ಲೇ ಇತ್ತು, ಒಂದೆರಡು ಬಿಟ್ಟು.

‘ಗುರೆಂಗೆ ಅಂದ್ರೆ ಏನು ಗೊತ್ತಾ? ನಮ್ಮಲ್ಲಿ ಒಳ್ಳೇ ಪದ ಇದೆ ಅದಕ್ಕೆ, ಕೆಂ...’ ಎಂದು ಶುರುಮಾಡಿದ್ದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

‘ಹೇಳ್ಬೇಡ! ಅರ್ಥ ಗೊತ್ತಾದ್ರೆ ನಂಗೆ ಆಮೇಲೆ ಅದೇ ಕಾಣ್ಸತ್ತೆ.’

ಕೆಂದಾವರೆ ನನ್ನ ಬಾಯಲ್ಲೇ ಉಳಿಯಿತು. ಅವಳು ಪುಟ ತಿರುವಿ, ತಪ್ಪು ಬರೆದಿದ್ದ ದೀರ್ಘವನ್ನು ಅಷ್ಟೇ ಉದ್ದಕ್ಕೆ ಎಳೆದು ಹಾಡಲು ಶುರುಮಾಡಿದಳು. ನಾನು ತಿದ್ದಲಿಲ್ಲ.